ಗೆಳತಿಯ ಕವಿತೆಗೆ ನಮ್ಮ ಉತ್ತರ

ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ನಾಲ್ಕು ಸವಿಮಾತುಗಳನ್ನು ಬರೆದು ಮುಗಿಸಿಬಿಡೋಣವೆಂದು ನಾನು ಎಣಿಸಿದ್ದೆನು. ಆದರೆ ಅಷ್ಟರಲ್ಲಿ ನಡೆದ ಒಂದು ಸಣ್ಣ ಸಂಗತಿಯು ನನ್ನ ಮನಸ್ಸನ್ನು ಬೇರೊಂದು ಕಡೆಗೆ ತಿರುಗಿಸಿತು. ಅದರಲ್ಲಿ ನನ್ನ ತಪ್ಪೊಂದು ಅಡಗಿರುವುದರಿಂದ, ಮುಚ್ಚಿಡದೆ ಹೇಳಿಬಿಡುವುದೇ ಯುಕ್ತವೆಂದು ತೋರಿತು.

ನಮ್ಮ ತರಗತಿಯಲ್ಲಿ ಜೊತೆಗೂಡಿ ಓದಿದ ನಲವತ್ತು ಮಂದಿ ಗೆಳತಿಯರು ಈಗ ದಿಕ್ಕು ದಿಕ್ಕಿಗೆ ಚದರಿಹೋಗಿದ್ದರೂ, ಮೊಬೈಲಿನಲ್ಲಿ ಒಂದು ವಾಟ್ಸಾಪ್ ಗುಂಪನ್ನು ಕಟ್ಟಿಕೊಂಡು ದಿನಕ್ಕೊಮ್ಮೆಯಾದರೂ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರುತ್ತೇವೆ. ಹಬ್ಬದ ಶುಭಾಶಯ, ಮಕ್ಕಳ ಮದುವೆಯ ಕರೆಯೋಲೆ, ಮೊಣಕಾಲಿನ ನೋವಿಗೆ ಹಚ್ಚತಕ್ಕ ಎಣ್ಣೆ, ಇವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಕವಿತೆಯೂ ಬರುವುದುಂಟು. ನಮ್ಮಲ್ಲಿ ಐದಾರು ಮಂದಿ ಪದ್ಯ ಬರೆಯುವವರಿದ್ದೇವೆ. ಪುಸ್ತಕವನ್ನು ಅಚ್ಚು ಹಾಕಿಸಿದವರು ಒಬ್ಬರೂ ಇಲ್ಲ. ಕವಿಗೋಷ್ಠಿಯ ವೇದಿಕೆಯನ್ನು ಏರಿದವರೂ ಇಲ್ಲ. ಮನೆಯ ಕೆಲಸವೂ ಕಚೇರಿಯ ಕೆಲಸವೂ ಮುಗಿದು, ಮನೆಯವರೆಲ್ಲ ಮಲಗಿದ ಮೇಲೆ ಬರೆಯುವವರು ನಾವು.

ಕಳೆದ ಮಳೆಗಾಲದಲ್ಲಿ ಇವರಲ್ಲೊಬ್ಬಳು ಹದಿನಾರು ಸಾಲಿನ ಒಂದು ಕವಿತೆಯನ್ನು ಕಳುಹಿಸಿದಳು. ಶಾಲೆಯಲ್ಲಿ ಎದ್ದು ನಿಂತು ಪದ್ಯ ಹೇಳೆಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದವಳು ಅವಳು. ತಾಯಿ ತೀರಿಹೋದ ಮೇಲೆ ತವರಿನ ಹಿತ್ತಿಲಲ್ಲಿ ಒಂಟಿಯಾಗಿ ಬಿದ್ದಿರುವ ರುಬ್ಬುವ ಒರಳನ್ನು ಕುರಿತ ಕವಿತೆ. ಅದು ಬಂದು ಅರ್ಧ ಗಂಟೆಯೊಳಗೆ ಮುಗಿದ ಕೈಗಳ ಗುರುತುಗಳೂ ಗುಲಾಬಿ ಹೂಗಳ ಗುರುತುಗಳೂ ಸಾಲುಗಟ್ಟಿದವು. ‘ಸೂಪರ್’ ಎಂದರು ಕೆಲವರು. ‘ಅದ್ಭುತ’ ಎಂದರು ಕೆಲವರು. ನಾನೂ ಒಲೆಯ ಮೇಲಿನ ಸಾರನ್ನು ಒಂದು ಕೈಯಿಂದ ತಿರುವುತ್ತ, ಇನ್ನೊಂದು ಕೈಯಿಂದ ‘ಅದ್ಭುತ’ ಎಂದು ಒತ್ತಿ ನನ್ನ ಕರ್ತವ್ಯವನ್ನು ಮುಗಿಸಿದೆನು.

ಆ ರಾತ್ರಿ ಅವಳೇ ನನಗೆ ಫೋನು ಮಾಡಿದಳು.

“ಏನೇ, ಒಂದು ನಿಜ ಹೇಳುತ್ತೀಯಾ? ನನ್ನ ಕವಿತೆ ಓದಿದೆಯಾ?” ಎಂದು ಕೇಳಿದಳು.

ನಾನು ಓದಿರಲಿಲ್ಲ. ಮೊದಲ ಎರಡು ಸಾಲಿನ ಮೇಲೆ ಕಣ್ಣು ಹಾಯಿಸಿದ್ದೆನು, ಅಷ್ಟೇ. ನಾನು ತಡವರಿಸಿದ್ದು ಅವಳಿಗೆ ತಿಳಿಯಿತು.

“ಮೂವತ್ತು ಮಂದಿ ಚೆನ್ನಾಗಿದೆ ಎಂದರು. ಏನು ಚೆನ್ನಾಗಿದೆ ಎಂದು ಒಬ್ಬಳೂ ಹೇಳಲಿಲ್ಲ. ಮೊದಲಿನ ಹಾಗೆ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದೇ ವಾಸಿ ಕಣೇ,” ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ನಗುತ್ತಲೇ ಹೇಳಿದಳು.

ಅಂದಿನಿಂದ ಈ ವಿಷಯವನ್ನೇ ಯೋಚಿಸುತ್ತಿದ್ದೇನೆ. ನಮ್ಮಂತಹ ಹವ್ಯಾಸಿಗಳು ಒಬ್ಬರಿಗೊಬ್ಬರು ಕವಿತೆಗಳನ್ನು ತೋರಿಸಿಕೊಳ್ಳುವುದು ಬಹಳ ಒಳ್ಳೆಯ ಅಭ್ಯಾಸ. ಈ ಕಾಲದಲ್ಲಿ ಅದು ಹಿಂದೆಂದಿಗಿಂತಲೂ ಸುಲಭವಾಗಿದೆ. ಆದರೆ ತೋರಿಸುವುದು ಸುಲಭವಾದಂತೆಲ್ಲ ಓದುವುದು ಅಪರೂಪವಾಗುತ್ತಿದೆ. ಓದದೆ ಹೊಗಳುವುದು ಓದದೆ ನಿಂದಿಸುವುದಕ್ಕಿಂತ ಕಡಿಮೆಯ ಅಪಚಾರವೇನೂ ಅಲ್ಲ. ಗೆಳತಿಯು ಬರೆದದ್ದನ್ನು ನಿಧಾನವಾಗಿ ಓದಿ, ಅದಕ್ಕೆ ನಿಜವಾದ ಒಂದು ಉತ್ತರವನ್ನು ಕೊಡುವುದು ಸ್ನೇಹದ ಋಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಋಣವನ್ನು ನಾವು ತೀರಿಸದೆ ಹೋದರೆ ಎಷ್ಟೋ ಮಂದಿ ಹೆಣ್ಣುಮಕ್ಕಳ ಬರವಣಿಗೆಯು ಹಿಂದಿನಂತೆಯೇ ಮತ್ತೆ ಪೆಟ್ಟಿಗೆಯನ್ನು ಸೇರುವುದು.

ಒರಳಿನ ಮಾತು ಬಂದದ್ದರಿಂದ ಬೀಸುವ ಕಲ್ಲಿನ ಮಾತನ್ನೂ ಹೇಳುತ್ತೇನೆ. ನಮ್ಮ ನಾಡಿನಲ್ಲಿ ಹೆಂಗಸರು ಹಾಡು ಕಟ್ಟಿದ್ದು ಏಕಾಂತದಲ್ಲಿ ಕುಳಿತು ಅಲ್ಲ. ನಸುಕಿನಲ್ಲಿ ಎದ್ದು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ಎದುರುಬದುರಾಗಿ ಕುಳಿತು ಬೀಸುವಾಗ ಒಬ್ಬಳು ಎತ್ತಿಕೊಂಡ ತ್ರಿಪದಿಯನ್ನು ಇನ್ನೊಬ್ಬಳು ದನಿಗೂಡಿಸಿ ಮುಂದಕ್ಕೆ ಒಯ್ಯುತ್ತಿದ್ದಳು. ತವರನ್ನು ನೆನೆದು ಒಬ್ಬಳು ಹಾಡಿದರೆ, ಅತ್ತೆಯ ಮನೆಯನ್ನು ಕುರಿತು ಮತ್ತೊಬ್ಬಳು ಉತ್ತರ ಕೊಡುವಳು. ಹಿಡಿಸಿದ ಪದವು ಮರುದಿನವೂ ಬಾಯಿಗೆ ಬರುತ್ತಿತ್ತು. ಹಿಡಿಸದ್ದು ಹಿಟ್ಟಿನ ಧೂಳಿನೊಡನೆ ಹಾರಿಹೋಗುತ್ತಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂತಹ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ಆ ಪುಸ್ತಕದ ಪದಗಳನ್ನು ಕಟ್ಟಿದವರ ಹೆಸರು ಉಳಿದಿಲ್ಲ. ಆದರೆ ಒಂದೊಂದು ಪದವೂ ಎಷ್ಟೋ ಮಂದಿ ಕೇಳುಗರ ಬಾಯಲ್ಲಿ ಸವೆದು ನುಣುಪಾಗಿ ಬಂದದ್ದೆಂಬುದು ಓದಿದವರಿಗೆಲ್ಲ ತಿಳಿಯುತ್ತದೆ. ಎದುರಿಗೆ ಕುಳಿತವಳ ಕಿವಿಯೇ ಅವರಿಗೆ ವಿಮರ್ಶಕನೂ ಪ್ರಕಾಶಕನೂ ಆಗಿದ್ದಿತು.

ಓದುಬರಹ ಬಲ್ಲ ಕವಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ದೊಡ್ಡ ಕವಿಗಳು ಹುಟ್ಟುವಾಗಲೇ ದೊಡ್ಡವರಾಗಿ ಹುಟ್ಟಿದರೆಂದು ನಾವು ಭಾವಿಸುತ್ತೇವೆ. 1920ರ ದಶಕದ ಧಾರವಾಡವನ್ನು ನೆನೆದರೆ ಆ ಭ್ರಾಂತಿಯು ಹೋಗುವುದು. ಆಗ ಹೈಸ್ಕೂಲಿನ ಉಪಾಧ್ಯಾಯರಾಗಿದ್ದ ದ. ರಾ. ಬೇಂದ್ರೆಯವರ ಸುತ್ತಲೂ ‘ಗೆಳೆಯರ ಗುಂಪು’ ಎಂಬ ಒಂದು ಕೂಟ ಬೆಳೆಯಿತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಎನ್ಕೆ ಕುಲಕರ್ಣಿ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ ಮೊದಲಾದವರು ಅದರಲ್ಲಿದ್ದರು. ಆಗ ಅವರಲ್ಲಿ ಹೆಚ್ಚು ಮಂದಿ ಹೆಸರಿಲ್ಲದ ತರುಣರು. ಬರೆದದ್ದನ್ನು ಓದುವುದು, ಹಾಡುವುದು, ಕೇಳಿದವರು ಅದನ್ನು ಕುರಿತು ಮಾತನಾಡುವುದು ಅವರ ನಿತ್ಯದ ಊಟದಂತಿದ್ದಿತು. ಬೇಂದ್ರೆಯವರ ‘ಗರಿ’ ಎಂಬ ಸಂಕಲನವು ಹೊರಬಂದದ್ದು 1932ರಲ್ಲಿ; ಅದಕ್ಕೆ ಮೊದಲೇ ಅವರ ಕವಿತೆಗಳಿಗೆ ಕಿವಿಗಳಿದ್ದವು. ಕಾಲೇಜಿನ ವಿದ್ಯಾರ್ಥಿಯಾಗಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಗೋಕಾಕರು ಕನ್ನಡದ ಕವಿಯಾದದ್ದು ಬೇಂದ್ರೆಯವರ ಸಹವಾಸದಿಂದ. ಇವರಿಬ್ಬರಿಗೂ ಮುಂದೆ ಜ್ಞಾನಪೀಠ ಪ್ರಶಸ್ತಿ ಬಂದಿತೆಂಬುದನ್ನು ನಾವು ನೆನೆಯುತ್ತೇವೆ. ಆ ಪ್ರಶಸ್ತಿಗೆ ಬಹಳ ಮೊದಲು ಒಂದು ಸಣ್ಣ ಕೋಣೆಯಲ್ಲಿ ಕಿವಿಗೊಟ್ಟು ಕುಳಿತಿದ್ದ ಗೆಳೆಯರನ್ನು ಮರೆತುಬಿಡುತ್ತೇವೆ.

ಅದೇ ದಶಕದಲ್ಲಿ ಮೈಸೂರಿನಲ್ಲಿ ನಡೆದ ಇನ್ನೊಂದು ಸಂಗತಿಯು ನಿಜವಾದ ಉತ್ತರವೆಂದರೆ ಏನೆಂಬುದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ವಿದ್ಯಾರ್ಥಿಯಾಗಿದ್ದ ಕೆ. ವಿ. ಪುಟ್ಟಪ್ಪನವರು ಇಂಗ್ಲಿಷಿನಲ್ಲಿ ಪದ್ಯಗಳನ್ನು ಬರೆದು 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಚಿಕ್ಕ ಪುಸ್ತಕವನ್ನೂ ಹೊರತಂದಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದಾಗ ತಮ್ಮ ಪದ್ಯಗಳನ್ನು ತೆಗೆದುಕೊಂಡು ಹೋಗಿ ತೋರಿಸಿದರು. ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳುಹಿಸಿಬಿಡುವುದು ಆ ಅತಿಥಿಗೆ ಅತಿ ಸುಲಭವಾದ ಕೆಲಸವಾಗಿತ್ತು. ಅವರು ಹಾಗೆ ಮಾಡದೆ, ತಾಯ್ನುಡಿಯಲ್ಲಿ ಬರೆಯಬೇಕೆಂದು ತಿಳಿಯಹೇಳಿದರು. ಹೊಗಳಿಕೆಯನ್ನು ಬಯಸಿ ಹೋಗಿದ್ದ ತರುಣನಿಗೆ ಆ ಮಾತು ಒಡನೆಯೇ ರುಚಿಸಲಿಲ್ಲ. ಆದರೂ ಅದು ಮನಸ್ಸಿನಲ್ಲಿ ನಿಂತು ಕೆಲಸ ಮಾಡಿತು. ಕುವೆಂಪು ಎಂಬ ಕಾವ್ಯನಾಮವು ಕನ್ನಡಕ್ಕೆ ದೊರೆತದ್ದಕ್ಕೆ, ಓದಿ ನಿಜ ಹೇಳಿದ ಒಬ್ಬ ಓದುಗನಿಗೂ ನಾವು ಕೃತಜ್ಞರಾಗಿರಬೇಕಲ್ಲವೇ?

ಇಲ್ಲಿ ಸೋದರಿಯರು ಒಂದು ಪ್ರಶ್ನೆಯನ್ನು ಕೇಳಬಹುದು: ‘ನೀವು ಹೇಳಿದ ಈ ಹೆಸರುಗಳೆಲ್ಲ ಗಂಡಸರವೇ ಅಲ್ಲವೇ?’ ನಿಜ. ಸಂಜೆಯ ಹೊತ್ತು ಗೆಳೆಯನ ಕೋಣೆಗೆ ಹೋಗಿ ಕವಿತೆಯನ್ನೋದಿ ರಾತ್ರಿ ಮನೆಗೆ ಬರುವ ಸ್ವಾತಂತ್ರ್ಯವು ನಮ್ಮ ಅಜ್ಜಿಯರಿಗೆ ಇರಲಿಲ್ಲ. ಬರೆದ ಹೆಂಗಸರೇನೋ ಇದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದಳು, ಆಕೆಗೆ ರಾಣಿಯ ಪ್ರೋತ್ಸಾಹವಿದ್ದಿತು. ನಂಜನಗೂಡು ತಿರುಮಲಾಂಬಾ ಅವರು 1916ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಹೊರಡಿಸಿ ಹೆಂಗಸರ ಬರವಣಿಗೆಗೆ ಒಂದು ಜಗುಲಿಯನ್ನು ಹಾಕಿಕೊಟ್ಟರು, 1921ರಲ್ಲಿ ಆರ್. ಕಲ್ಯಾಣಮ್ಮನವರ ‘ಸರಸ್ವತಿ’ಯು ಬಂದಿತು. ಆದರೆ ಇಷ್ಟೊಂದು ದುಡಿದ ತಿರುಮಲಾಂಬಾ ಅವರೇ 1887ರಿಂದ 1982ರವರೆಗಿನ ತಮ್ಮ ದೀರ್ಘವಾದ ಬಾಳಿನ ಉತ್ತರಾರ್ಧದಲ್ಲಿ ಲೇಖನಿಯನ್ನು ಕೆಳಗಿಟ್ಟು ಬಹುಕಾಲ ಮರೆಯಲ್ಲಿದ್ದರು. ಹೆಸರಾಂತ ಲೇಖಕಿಯ ಸ್ಥಿತಿಯೇ ಹೀಗಾದರೆ, ದಿನಸಿಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಪದ್ಯ ಬರೆದು ಅಕ್ಕಿಯ ಡಬ್ಬದ ಹಿಂದೆ ಬಚ್ಚಿಟ್ಟ ಹೆಂಗಸರ ಪಾಡೇನು? ಅಂತಹ ಪುಸ್ತಕಗಳಲ್ಲಿ ಎಷ್ಟು ರದ್ದಿಗೆ ಹೋದವೋ, ಎಷ್ಟು ಒಲೆಗೆ ಹೋದವೋ!

ಒಬ್ಬಳೇ ಒಬ್ಬ ಒಳ್ಳೆಯ ಓದುಗಳಿದ್ದರೆ ಏನಾಗಬಹುದೆಂಬುದಕ್ಕೆ ದೂರದ ಒಂದು ನಿದರ್ಶನವನ್ನು ಕೊಡುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಆಮ್ಹರ್ಸ್ಟ್ ಎಂಬ ಊರಿನಲ್ಲಿ ಎಮಿಲಿ ಡಿಕಿನ್‌ಸನ್ ಎಂಬಾಕೆ 1830ರಿಂದ 1886ರವರೆಗೆ ಬಾಳಿದಳು. ನಮ್ಮ ಶಾಲೆಯನ್ನು ಹೋಲುವ, ಹೆಣ್ಣುಮಕ್ಕಳಿಗಾಗಿಯೇ ಸ್ಥಾಪಿತವಾಗಿದ್ದ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ 1847–48ರಲ್ಲಿ ಓದಿದಳು. ಸುಮಾರು 1,800 ಕವಿತೆಗಳನ್ನು ಬರೆದಳು. ಅವುಗಳಲ್ಲಿ ಆಕೆಯು ಬದುಕಿರುವಾಗ ಅಚ್ಚಾದವು ಹತ್ತರ ಆಸುಪಾಸು ಮಾತ್ರ. ಆದರೆ ಪಕ್ಕದ ಮನೆಯಲ್ಲಿ ಆಕೆಗೆ ಸೂಸನ್ ಎಂಬ ಗೆಳತಿಯಿದ್ದಳು. ಎಮಿಲಿಯ ಅಣ್ಣನ ಹೆಂಡತಿ. ಎಮಿಲಿಯು ನೂರಾರು ಕವಿತೆಗಳನ್ನು ಆಕೆಗೆ ಕಳುಹಿಸಿದಳು. 1859ರಲ್ಲಿ ಸಮಾಧಿಗಳೊಳಗೆ ಮಲಗಿರುವವರನ್ನು ಕುರಿತು ಎರಡು ಪದ್ಯಗಳ ಒಂದು ಕವಿತೆಯನ್ನು ಬರೆದಳು. ಸೂಸನ್ನಳಿಗೆ ಎರಡನೆಯ ಪದ್ಯವು ಒಪ್ಪಿಗೆಯಾಗಲಿಲ್ಲ. ಎಮಿಲಿಯು ಅದನ್ನು ತೆಗೆದು ಬೇರೊಂದನ್ನು ಬರೆದು ಕಳುಹಿಸಿದಳು. ಅದೂ ಮೊದಲನೆಯದಕ್ಕೆ ಹೊಂದಲಿಲ್ಲವೆಂದೂ, ಮೊದಲನೆಯ ಪದ್ಯವು ತಾನೊಂದೇ ನಿಲ್ಲಬಲ್ಲುದೆಂದೂ ಸೂಸನ್ ಉತ್ತರವಿತ್ತಳು. ಎಮಿಲಿ ಮತ್ತೂ ಬರೆದು ನೋಡಿದಳು. ಹಿತ್ತಿಲ ಹಾದಿಯಲ್ಲಿ ಓಡಾಡಿದ ಆ ಚೀಟಿಗಳಲ್ಲಿ ಮುಖಸ್ತುತಿಯೂ ಇರಲಿಲ್ಲ, ಮೊಗ ಮುರಿಯುವುದೂ ಇರಲಿಲ್ಲ. ಲೋಕವು ಓದುವ ಮೊದಲೇ ಆ ಕವಿತೆಗಳನ್ನು ಲೋಕಕ್ಕಿಂತ ಚೆನ್ನಾಗಿ ಒಬ್ಬಳು ಓದಿದ್ದಳು. ಸೂಸನ್ನಳು ಒಂದೊಂದಕ್ಕೂ ‘ಅದ್ಭುತ’ ಎಂಬ ಒಂದೇ ಮಾತನ್ನು ಬರೆದು ಕಳುಹಿಸುವ ಹೆಂಗಸಾಗಿದ್ದರೆ ಎಮಿಲಿಯು ಎಷ್ಟು ದಿನ ಕಳುಹಿಸುತ್ತಿದ್ದಳೋ ನಾನರಿಯೆ.

ಪ್ರಕೃತ ವಿಷಯಕ್ಕೆ ಬರೋಣ. ಆಗ ಆಮ್ಹರ್ಸ್ಟಿನಲ್ಲಿ ಒಬ್ಬಳಿಗೆ ಇದ್ದದ್ದು ಇಂದು ನಮ್ಮೆಲ್ಲರ ಕೈಯಲ್ಲಿದೆ. ಹುಬ್ಬಳ್ಳಿಯಲ್ಲಿ ಬರೆದ ಕವಿತೆಯು ಅದೇ ಕ್ಷಣದಲ್ಲಿ ಮಂಗಳೂರಿನ ಗೆಳತಿಗೂ ದುಬಾಯಿಯ ಗೆಳತಿಗೂ ಮುಟ್ಟುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲ. ಅಂಚೆಯ ಖರ್ಚೂ ಇಲ್ಲ. ಸಂಜೆ ಹೊರಗೆ ಹೋದಳೆಂಬ ಆಕ್ಷೇಪಣೆಯೂ ಇಲ್ಲ. ಇಂತಹ ಅನುಕೂಲ್ಯವು ಹೆಣ್ಣುಮಕ್ಕಳಿಗೆ ಹಿಂದೆ ಎಂದೂ ದೊರೆತಿರಲಿಲ್ಲ. ಅದನ್ನು ನಾವು ಗುಲಾಬಿ ಹೂಗಳ ಗುರುತಿನಲ್ಲಿ ಕಳೆಯುತ್ತಿದ್ದೇವಲ್ಲಾ ಎಂಬುದೇ ನನ್ನ ವ್ಯಥೆ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುವುದನ್ನು ಬಲ್ಲೆನು. ‘ನಾವೇನು ಮಹಾಕವಿಗಳೇ? ಮನಸ್ಸಿನ ಸಮಾಧಾನಕ್ಕೆ ಬರೆಯುತ್ತೇವೆ. ಅದಕ್ಕೆ ವಿಮರ್ಶೆಯೇತಕ್ಕೆ?’ ಎಂಬುದು ಮೊದಲನೆಯದು. ಮನೆಯಲ್ಲಿ ಅಡಿಗೆ ಮಾಡುವವಳು ಹೋಟೆಲನ್ನು ತೆರೆಯುವುದಕ್ಕಾಗಿ ಮಾಡುವುದಿಲ್ಲ. ಆದರೂ ಉಣ್ಣುವವರು ಉಪ್ಪು ಸಾಲದೆಂದರೆ ನಾಳೆ ಸರಿಪಡಿಸಿಕೊಳ್ಳುತ್ತಾಳೆ. ಬಡಿಸಿದ ಎಲೆಯನ್ನು ನೋಡದೆಯೇ ‘ಬಹಳ ರುಚಿ’ ಎಂದು ಎದ್ದುಹೋಗುವವನಿಗಿಂತ, ಕುಳಿತು ಉಂಡು ‘ಹುಳಿ ಸ್ವಲ್ಪ ಮುಂದಾಯಿತು’ ಎನ್ನುವವನೇ ಅವಳ ಅಡಿಗೆಯನ್ನು ಗೌರವಿಸಿದಂತೆ. ಸಣ್ಣ ಕವಿತೆಗೂ ಅದೇ ನ್ಯಾಯ.

‘ನಿಜ ಹೇಳಿದರೆ ಸ್ನೇಹ ಕೆಡುವುದು’ ಎಂಬುದು ಎರಡನೆಯದು, ಇದರಲ್ಲಿ ಹುರುಳುಂಟು. ಕವಿತೆಯು ಹೃದಯಕ್ಕೆ ಹತ್ತಿರವಾದ ವಸ್ತು. ಒರಟು ಕೈ ತಗುಲಿದರೆ ನೋಯುವುದು. ನಾನು ಕಾಲೇಜಿನಲ್ಲಿದ್ದಾಗ ಅಧ್ಯಾಪಕರೊಬ್ಬರು ನನ್ನ ಒಂದು ಪದ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಕೊನೆಯಲ್ಲಿ ಮುಗುಳ್ನಕ್ಕು, ಏನೂ ಹೇಳದೆ ಮಡಿಸಿ ಕೊಟ್ಟರು. ತರಗತಿಯೆಲ್ಲ ನಕ್ಕಿತು. ಆಮೇಲೆ ಹನ್ನೊಂದು ವರುಷ ನಾನು ಒಂದು ಸಾಲನ್ನೂ ಬರೆಯಲಿಲ್ಲ. ಅವರು ‘ಈ ಸಾಲು ಸರಿಯಿಲ್ಲ, ಏಕೆಂದರೆ ಹೀಗೆ’ ಎಂದಿದ್ದರೆ ಮರುದಿನವೇ ತಿದ್ದಿ ತರುತ್ತಿದ್ದೆನು. ಆದುದರಿಂದ ನಿಜ ಹೇಳುವುದೂ ನೋಯಿಸುವುದೂ ಒಂದೇ ಎಂದು ತಿಳಿಯಬಾರದು. ನೋಯಿಸುವವನು ಕವಿಯ ಕಡೆಗೆ ನೋಡುತ್ತಾನೆ. ನಿಜ ಹೇಳುವವನು ಕವಿತೆಯ ಕಡೆಗೆ ನೋಡುತ್ತಾನೆ.

ಕವಿಯನ್ನು ಬದಿಗಿಟ್ಟು ಕವಿತೆಯನ್ನು ಮಾತ್ರ ನೋಡುವುದಕ್ಕೆ ಜಪಾನ್ ದೇಶದವರು ಒಂದು ಸೊಗಸಾದ ಏರ್ಪಾಟನ್ನು ಮಾಡಿಕೊಂಡಿದ್ದಾರೆ. ಮೂರು ಸಾಲಿನ ಹೈಕುವೆಂಬ ಪದ್ಯವನ್ನು ಬರೆಯುವ ಹವ್ಯಾಸಿಗಳು ಅಲ್ಲಿ ‘ಕುಕೈ’ ಎಂಬ ಕೂಟಗಳಲ್ಲಿ ಸೇರುತ್ತಾರೆ. ಪ್ರತಿಯೊಬ್ಬರೂ ತಮ್ಮ ಪದ್ಯವನ್ನು ಒಂದು ಚೀಟಿಯಲ್ಲಿ ಹೆಸರು ಹಾಕದೆ ಬರೆದುಕೊಡುತ್ತಾರೆ. ಚೀಟಿಗಳನ್ನೆಲ್ಲ ಬೆರಸಿ ಹಂಚಿ, ಕೈಬರಹದ ಗುರುತು ಸಹ ಸಿಕ್ಕದಂತೆ ಬೇರೆಯವರು ಅವನ್ನು ನಕಲು ಮಾಡುತ್ತಾರೆ. ಆಮೇಲೆ ಹಾಳೆಗಳು ಕೈಯಿಂದ ಕೈಗೆ ಸಾಗುತ್ತವೆ. ಒಬ್ಬೊಬ್ಬರೂ ತಮಗೆ ಹಿಡಿಸಿದ ಕೆಲವನ್ನು ಆರಿಸುತ್ತಾರೆ. ಆರಿಸಿದ್ದನ್ನು ಗಟ್ಟಿಯಾಗಿ ಓದಿದ ಮೇಲೆಯೇ ಬರೆದವರು ತಮ್ಮ ಹೆಸರನ್ನು ಹೇಳುವುದು. ಅಲ್ಲಿ ಹಿರಿಯರ ಪದ್ಯವು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಹೊಸದಾಗಿ ಸೇರಿದ ಹುಡುಗಿಯ ಪದ್ಯವನ್ನು ಐದು ಮಂದಿ ಆರಿಸಬಹುದು. ತನ್ನ ಪದ್ಯವನ್ನು ತಂದವಳು ಉಳಿದವರ ಪದ್ಯಗಳನ್ನು ಓದದೆ ಮನೆಗೆ ಹೋಗುವಂತಿಲ್ಲ ಎಂಬುದೇ ಈ ಏರ್ಪಾಟಿನ ಸಾರ.

ನಮ್ಮ ಗುಂಪುಗಳಲ್ಲಿಯೂ ಇಂತಹ ಕೆಲವು ಕಟ್ಟಳೆಗಳನ್ನು ಮಾಡಿಕೊಂಡರೆ ತಪ್ಪೇನು? ನನಗೆ ತೋಚಿದವನ್ನು ಹೇಳುತ್ತೇನೆ. ಒಂದು ಕವಿತೆಯನ್ನು ಕಳುಹಿಸುವವಳು ಮೊದಲು ಬೇರೆಯವರ ಎರಡು ಕವಿತೆಗಳಿಗೆ ಉತ್ತರ ಬರೆದಿರಬೇಕು. ಉತ್ತರ ಬರೆಯುವವಳು ಕವಿತೆಯನ್ನು ಎರಡು ಬಾರಿ ಓದತಕ್ಕದ್ದು. ಅದರಲ್ಲಿ ಒಂದು ಬಾರಿ ಬಾಯಿಬಿಟ್ಟು ಓದತಕ್ಕದ್ದು. ಕಣ್ಣು ದಾಟಿಹೋದ ಎಡರು ನಾಲಿಗೆಗೆ ಸಿಕ್ಕುತ್ತದೆ. ‘ಚೆನ್ನಾಗಿದೆ’ ಎನ್ನುವ ಬದಲು ಯಾವ ಸಾಲು ಮನಸ್ಸಿನಲ್ಲಿ ನಿಂತಿತೆಂಬುದನ್ನು ಹೇಳಬೇಕು. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ನಾಚದೆ ಕೇಳಬೇಕು. ತೀರ್ಪನ್ನು ಕೊಡುವುದಕ್ಕಿಂತ ಪ್ರಶ್ನೆಯನ್ನು ಕೇಳುವುದು ಬರೆದವಳಿಗೆ ಹೆಚ್ಚಿನ ಉಪಕಾರ. ಮೆಚ್ಚಿದ್ದನ್ನು ಎಲ್ಲರ ಮುಂದೆ ಹೇಳಿ, ಮೆಚ್ಚದ್ದನ್ನು ಅವಳೊಬ್ಬಳಿಗೇ ಬರೆದರೆ ಸ್ನೇಹವೂ ಉಳಿಯುವುದು, ನಿಜವೂ ಉಳಿಯುವುದು. ಓದುವುದಕ್ಕೆ ಹೊತ್ತಿಲ್ಲದಿದ್ದರೆ ಸುಮ್ಮನಿರುವುದೇ ಲೇಸು. ‘ಭಾನುವಾರ ಓದುತ್ತೇನೆ’ ಎಂದು ಬರೆದು ಭಾನುವಾರ ಓದಿದರೆ ಇನ್ನೂ ಲೇಸು.

ಬರೆದವಳಿಗೂ ಕರ್ತವ್ಯಗಳುಂಟು. ಉತ್ತರ ಬಂದೊಡನೆ ವಾದಕ್ಕೆ ನಿಲ್ಲಬಾರದು. ಒಂದು ರಾತ್ರಿ ಕಳೆಯಲಿ; ಬೆಳಿಗ್ಗೆ ಅದೇ ಮಾತು ಬೇರೆಯಾಗಿ ಕಾಣಬಹುದು. ‘ನನ್ನ ಉದ್ದೇಶ ಹಾಗಿರಲಿಲ್ಲ’ ಎಂದು ವಿವರಿಸುವುದಕ್ಕೆ ಮೊದಲು, ಆ ಉದ್ದೇಶವು ಕವಿತೆಯಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಹಾಗೆಂದು ಹೇಳಿದ್ದನ್ನೆಲ್ಲ ಒಪ್ಪಬೇಕೆಂದೂ ಇಲ್ಲ. ಹತ್ತು ಮಂದಿಯ ಸಲಹೆಯಂತೆ ಹತ್ತು ಕಡೆ ತಿದ್ದಿದ ಕವಿತೆಯು ಯಾರದೂ ಆಗಿ ಉಳಿಯುವುದಿಲ್ಲ. ಕೇಳುವುದು ಗೆಳತಿಯರ ಮಾತನ್ನು. ಕೊನೆಯ ತೀರ್ಮಾನ ಬರೆದವಳದೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಒಬ್ಬಳು ನಂಬಿ ಕಳುಹಿಸಿದ ಕವಿತೆಯನ್ನು ಅವಳನ್ನು ಕೇಳದೆ ಬೇರೆ ಗುಂಪುಗಳಿಗೆ ದಾಟಿಸುವ ಚಾಳಿಯು ಬಹಳ ಹಬ್ಬಿದೆ. ದಾಟುವಾಗ ಮೊದಲು ಉದುರಿಹೋಗುವುದು ಬರೆದವಳ ಹೆಸರು. ನಮ್ಮ ಒಬ್ಬ ಗೆಳತಿಯ ಕವಿತೆಯು ಆರು ತಿಂಗಳ ಮೇಲೆ, ಯಾರೋ ಒಬ್ಬರ ಹೆಸರನ್ನು ಹೊತ್ತು, ಅವಳ ನಾದಿನಿಯಿಂದಲೇ ಅವಳಿಗೆ ಬಂದು ತಲುಪಿತು! ಬೀಸುವ ಕಲ್ಲಿನ ಗರತಿಯ ಹೆಸರು ಉಳಿಯದೆ ಹೋದದ್ದು ಕಾಲದ ದೋಷ. ಈಗ ಹೆಸರನ್ನು ಅಳಿಸಿದರೆ ಅದು ನಮ್ಮ ದೋಷ.

ಈ ಸಂಚಿಕೆಯನ್ನು ಓದುವ ತಂದೆತಾಯಿಗಳಿಗೂ ಒಂದು ವಿಜ್ಞಾಪನೆಯುಂಟು. ನಿಮ್ಮ ಮಗಳು ಹದಿನಾಲ್ಕನೆಯ ವಯಸ್ಸಿನಲ್ಲಿ ಪದ್ಯ ಬರೆಯತೊಡಗಿದರೆ, ಮನೆಗೆ ಬಂದ ನೆಂಟರ ಮುಂದೆ ಅವಳನ್ನು ನಿಲ್ಲಿಸಿ ಓದಿಸಬೇಡಿರಿ. ‘ಇದರಿಂದ ಮಾರ್ಕು ಬರುತ್ತದೆಯೇ?’ ಎಂದು ಕೇಳಲೂ ಬೇಡಿರಿ. ಅವಳು ತಾನಾಗಿ ತೋರಿಸಿದ ದಿನ ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು ಓದಿರಿ. ಕವಿತೆಯ ವಿಷಯವಾಗಿ ನಿಮಗೆ ಏನೂ ತಿಳಿಯದಿದ್ದರೂ ಚಿಂತೆಯಿಲ್ಲ. ‘ಈ ಸಾಲನ್ನು ಬರೆಯುವಾಗ ನೀನು ಏನನ್ನು ನೋಡಿದ್ದೆ?’ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು. ತನ್ನ ಮಾತನ್ನು ಮನೆಯಲ್ಲಿ ಒಬ್ಬರು ಪೂರ್ತಿಯಾಗಿ ಕೇಳಿದರೆಂಬ ನೆನಪು ಹೆಣ್ಣುಮಗಳಿಗೆ ಎಷ್ಟು ವರುಷ ಆಸರೆಯಾಗಿ ನಿಲ್ಲುತ್ತದೆಂಬುದನ್ನು ನಾನು ಸ್ವಾನುಭವದಿಂದ ಬಲ್ಲೆನು. ನನಗೆ ಹಾಗೆ ಕೇಳಿದವರು ನಮ್ಮ ಅಜ್ಜಿ. ಅವರಿಗೆ ಓದು ಬರುತ್ತಿರಲಿಲ್ಲ.

ಈಗ ನನ್ನ ಗೆಳತಿಯ ಒರಳಿಗೆ ಹಿಂದಿರುಗುತ್ತೇನೆ. ಅವಳು ಫೋನು ಇಟ್ಟ ಮೇಲೆ ಆ ರಾತ್ರಿಯೇ ಕವಿತೆಯನ್ನು ಮೂರು ಬಾರಿ ಓದಿದೆನು. ಒರಳಿನ ಗುಣಿಯಲ್ಲಿ ಮಳೆಯ ನೀರು ನಿಂತಿದೆ. ಒಂದು ಗುಬ್ಬಿಯು ಬಂದು, ಅಮ್ಮನು ಹಿಟ್ಟನ್ನು ನೋಡುತ್ತಿದ್ದ ಹಾಗೆ ತಲೆಯನ್ನು ವಾಲಿಸಿ, ಆ ನೀರನ್ನು ನೋಡಿ ಕುಡಿಯುತ್ತದೆ. ಹನ್ನೆರಡನೆಯ ಸಾಲಿಗೆ ಇದು ಮುಗಿಯುತ್ತದೆ. ಉಳಿದ ನಾಲ್ಕು ಸಾಲುಗಳಲ್ಲಿ ತಾಯಂದಿರನ್ನು ಬದುಕಿರುವಾಗಲೇ ಆದರಿಸಬೇಕೆಂಬ ಉಪದೇಶವಿದೆ. ನಾನು ಹೀಗೆ ಬರೆದೆನು: ‘ಗುಬ್ಬಿ ತಲೆ ವಾಲಿಸಿದಾಗ ನನಗೆ ನಿನ್ನ ಅಮ್ಮ ಕಂಡರು. ನಾವು ನಿಮ್ಮ ಮನೆಗೆ ಬಂದಾಗ ಅವರು ಹಾಗೆಯೇ ನಮ್ಮ ತಟ್ಟೆಗಳನ್ನು ನೋಡುತ್ತಿದ್ದರು. ಅಷ್ಟರಲ್ಲಿಯೇ ನನ್ನ ಕಣ್ಣು ಒದ್ದೆಯಾಯಿತು. ಕೊನೆಯ ನಾಲ್ಕು ಸಾಲುಗಳು ಏತಕ್ಕೆಂದು ತಿಳಿಯಲಿಲ್ಲ. ಗುಬ್ಬಿ ಹೇಳಿದ್ದನ್ನೇ ನೀನು ಮತ್ತೆ ಹೇಳಿದ ಹಾಗಿದೆ.’

ಎರಡು ದಿನ ಉತ್ತರವಿಲ್ಲ. ನನ್ನ ಎದೆ ಡವಗುಟ್ಟುತ್ತಿದ್ದಿತು. ಮೂರನೆಯ ದಿನ ಕವಿತೆಯು ಮತ್ತೆ ಬಂದಿತು. ನಾಲ್ಕು ಸಾಲುಗಳಲ್ಲಿ ಎರಡನ್ನು ತೆಗೆದಿದ್ದಳು, ಎರಡನ್ನು ಉಳಿಸಿಕೊಂಡಿದ್ದಳು. ‘ಈ ಎರಡು ನನಗೆ ಬೇಕು. ನಾನು ಅಮ್ಮನಿಗೆ ಹೇಳದೆ ಹೋದ ಮಾತು ಅದು’ ಎಂದು ಕೆಳಗೆ ಬರೆದಿದ್ದಳು. ಆ ಎರಡೂ ಇಲ್ಲದಿದ್ದರೇ ಕವಿತೆ ಚೆಂದವೆಂದು ನಾನು ಇಂದಿಗೂ ಎಣಿಸುತ್ತೇನೆ. ಅವಳು ಇಂದಿಗೂ ಒಪ್ಪುವುದಿಲ್ಲ. ಆದರೆ ಅಂದಿನಿಂದ ಅವಳು ಇನ್ನೂ ಮೂರು ಕವಿತೆಗಳನ್ನು ಕಳುಹಿಸಿದ್ದಾಳೆ. ಸಾಲದುದಕ್ಕೆ, ನನ್ನ ಒಂದು ಪದ್ಯದಲ್ಲಿ ಬ��ಳದಿಂಗಳು ಮೂರು ಸಲ ಬಂದಿದೆಯೆಂದೂ, ಅಮಾವಾಸ್ಯೆಯ ರಾತ್ರಿಯನ್ನು ವರ್ಣಿಸುವ ಪದ್ಯಕ್ಕೆ ಅದು ಹೆಚ್ಚಾಯಿತೆಂದೂ ತೋರಿಸಿಕೊಟ್ಟಿದ್ದಾಳೆ. ಇಷ್ಟು ಮಂದಿ ಹೊಗಳಿದ ಪದ್ಯದಲ್ಲಿ ಆ ತಪ್ಪು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ!

ಕೊನೆಯಲ್ಲಿ ನಮ್ಮ ಶಾಲೆಗೆ ಒಂದು ಬೇಡಿಕೆ. ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಪಂಡಿತರು ಕೈಬರಹದ ಒಂದು ಮಾಸಪತ್ರಿಕೆಯನ್ನು ನಡೆಸುತ್ತಿದ್ದರು. ದುಂಡಾದ ಅಕ್ಷರ ಬರೆಯುವ ಹುಡುಗಿಯರು ಅದನ್ನು ನಕಲು ಮಾಡುತ್ತಿದ್ದರು. ಚಿತ್ರ ಬರೆಯುವವರು ಅಂಚುಗಳಲ್ಲಿ ಬಳ್ಳಿಗಳನ್ನು ಬಿಡಿಸುತ್ತಿದ್ದರು. ಇದ್ದ ಒಂದೇ ಪ್ರತಿಯು ಬೆಂಚಿನಿಂದ ಬೆಂಚಿಗೆ ತಿಂಗಳೆಲ್ಲ ಸುತ್ತುತ್ತಿತ್ತು. ಅದರ ಕೊನೆಯಲ್ಲಿ ನಾಲ್ಕು ಹಾಳೆಗಳನ್ನು ಏನೂ ಬರೆಯದೆ ಖಾಲಿ ಬಿಟ್ಟಿರುತ್ತಿದ್ದರು. ಓದಿದವರು ತಮ್ಮ ಅಭಿಪ್ರಾಯವನ್ನು ಅಲ್ಲಿ ಹೆಸರು ಹಾಕಿ ಬರೆಯಬೇಕು. ‘ಚೆನ್ನಾಗಿದೆ ಎಂದು ಮಾತ್ರ ಬರೆದರೆ ಹೊಡೆದುಹಾಕುತ್ತೇನೆ’ ಎಂದು ಪಂಡಿತರು ಮೊದಲ ಪುಟದಲ್ಲಿಯೇ ಕೆಂಪು ಮಸಿಯಲ್ಲಿ ಬರೆದಿದ್ದರು, ಹೇಳಿದಂತೆಯೇ ಹೊಡೆದುಹಾಕುತ್ತಿದ್ದರು. ಪತ್ರಿಕೆಯು ಕೈಗೆ ಬಂದೊಡನೆ ನಾವೆಲ್ಲರೂ ಮೊದಲು ತಿರುವುತ್ತಿದ್ದದ್ದು ಆ ಕೊನೆಯ ಹಾಳೆಗಳನ್ನೇ.

ಅಂತಹ ಪತ್ರಿಕೆಯನ್ನು ಈಗಿನ ಹುಡುಗಿಯರಿಗಾಗಿ ಮತ್ತೆ ಆರಂಭಿಸಬಾರದೇ? ಕಾಗದಕ್ಕೂ ರಟ್ಟಿಗೂ ತಗಲುವ ವೆಚ್ಚವನ್ನು ಹಳೆಯ ವಿದ್ಯಾರ್ಥಿನಿಯರಾದ ನಾವು ಸಂತೋಷದಿಂದ ವಹಿಸಿಕೊಳ್ಳುವೆವು. ನಾಲ್ಕು ಹಾಳೆಗಳು ಸಾಲದಾದರೆ ಎಂಟನ್ನು ಖಾಲಿ ಬಿಡಲಿ. ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕವಿತೆ ಕಳುಹಿಸುವ ನಾವೂ ಆ ಹಳೆಯ ಪಾಠವನ್ನು ಮತ್ತೆ ಕಲಿಯೋಣ. ಇಂದು ರಾತ್ರಿ ಯಾರಾದರೂ ಒಬ್ಬ ಗೆಳತಿಯು ಒಂದು ಕವಿತೆಯನ್ನು ಕಳುಹಿಸಿದರೆ, ಸೋದರಿಯರೇ, ಒಲೆಯನ್ನು ಆರಿಸಿ, ಕುಳಿತು, ಕೊನೆಯ ಸಾಲಿನವರೆಗೆ ಓದಿರಿ. ಆಮೇಲೆ ನಿಮಗೆ ತೋರಿದ್ದನ್ನು ಅವಳಿಗೆ ಬರೆಯಿರಿ.